ಮೂರನೇ ಖಾಡಾ

ಮೇ 24, ಶನಿವಾರ. ಬೆಳಗಿನ ಜಾವ 3.50

ಮೈಕಿನ ಮೇಲೆ ಯಾರೋ ಬೆರಳಿನಿಂದ ಎರಡು ಸಲ ಬಡಿದರು. ಠಕ್, ಠಕ್. ಅದಕ್ಕೇ ಎಚ್ಚರವಾಯಿತು. ಹಾಡಿಗಲ್ಲ — ಹಾಡು ಶುರುವಾಗುವುದು ಇನ್ನೂ ಹತ್ತು ನಿಮಿಷಕ್ಕೆ. ಪಕ್ಕದ ಮಠದಲ್ಲಿ ನಸುಕಿನ ಕಾಕಡಾರತಿಗೆ ಮೊದಲು ದಿನಾ ಈ ಪರೀಕ್ಷೆ. ಮರಾಠಿ ಸೀಮೆಯ ಈ ಆಳಂದಿಗೆ ಬಂದು ಮೂರು ವರ್ಷವಾಗುತ್ತಾ ಬಂತು. ಈ ಎರಡು ಬಡಿತಕ್ಕೆ ಎದೆ ಹಾರುವುದು ನಿಂತಿಲ್ಲ.

ಮಗು ಮುಕ್ತಾಳ ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಉಸಿರು ಬೆಚ್ಚಗಿದೆ. ಹಣೆ ತಣ್ಣಗಿದೆ. ರಾತ್ರಿಯಿಂದ ಇದು ಐದನೇ ಸಲ. ಇಲ್ಲ, ಆರು.

ನಿದ್ದೆ ಬರದಿದ್ದರೆ ಬರೆಯಿರಿ ಅಂದಿದ್ದಾರೆ ಡಾಕ್ಟರ್. ಯಾರೂ ಓದಬೇಕಿಲ್ಲ, ತಲೆಯಲ್ಲಿರುವುದು ಕೆಳಗಿಳಿದರೆ ಸಾಕು. ಅದಕ್ಕೇ ಈ ನೋಟ್‌ಬುಕ್. ಸರಿ, ಇಳಿಸುತ್ತೇನೆ.

ಜನವರಿ ಹದಿನಾಲ್ಕು, ಸಂಕ್ರಾಂತಿಯ ಸಂಜೆ. ಜ್ವರ ಏರಿ ಮುಕ್ತಾಳಿಗೆ ಫಿಟ್ಸ್ ಬಂತು. ಎಂಟು ತಿಂಗಳ ಕೂಸು. ತುಟಿ ನೀಲಿಯಾಯಿತು. ನಾನು ನಿಂತಲ್ಲೇ ಮರಗಟ್ಟಿಹೋದೆ, ಕಿರುಚುವುದಕ್ಕೂ ಆಗಲಿಲ್ಲ. ಅತ್ತೆ ಮಗುವನ್ನು ಮಗ್ಗುಲಿಗೆ ತಿರುಗಿಸಿದರು, ಬಾಯಿ ಒರೆಸಿದರು, ಎದೆಗವಚಿಕೊಂಡು ಆಸ್ಪತ್ರೆಗೆ ಓಡಿದರು. ಬರಿಗಾಲಲ್ಲಿ. ಅರವತ್ತೆರಡು ವರ್ಷ ಅವರಿಗೆ. ಕೆಲವು ಮಕ್ಕಳಿಗೆ ಜ್ವರದಲ್ಲಿ ಹೀಗಾಗುತ್ತದಂತೆ, ಮತ್ತೆ ಬರಬಹುದು, ಬರದೆಯೂ ಇರಬಹುದಂತೆ. ಆ "ಬರಬಹುದು" ಸಾಕಾಯಿತು ನನಗೆ. ಆವತ್ತಿನಿಂದ ರಾತ್ರಿ ಕಣ್ಣು ಮುಚ್ಚುವುದಿಲ್ಲ. ಗಂಡ ಅಮರ್‌ಗೆ ನೈಟ್ ಶಿಫ್ಟ್. ಅಮೆರಿಕದವರು ಎದ್ದಿರುವಾಗ ಅವನೂ ಎದ್ದಿರಬೇಕು.

ಅಡುಗೆಮನೆಯಲ್ಲಿ ತಾಮ್ರದ ಚೊಂಬಿನ ಸದ್ದು. ಅತ್ತೆ ಎದ್ದರು. ಇನ್ನು ಐದು ನಿಮಿಷಕ್ಕೆ ಬಂದು ಮಗುವನ್ನು ಎತ್ತಿಕೊಳ್ಳುತ್ತಾರೆ. "ನೀ ಮಕ್ಕೋ ಯವ್ವಾ, ನಾ ಅದೀನಿ" ಅನ್ನುತ್ತಾರೆ. ಆಮೇಲೆ ಎಂಟರವರೆಗೆ ನಿದ್ದೆ. ದಿನಕ್ಕೆ ಇದೊಂದೇ.

ಬಂದರು.

ಮೇ 26, ಸೋಮವಾರ

ಎದುರಿನ ಮಂಗಲ ಕಾರ್ಯಾಲಯದಲ್ಲಿ ಇವತ್ತು ಮೂರು ಮದುವೆ. ಎರಡನೆಯ ಹುಡುಗಿ ಚೂಡಿದಾರದಲ್ಲೇ ಒಳಗೆ ಹೋಗಿ ಸೀರೆಯಲ್ಲಿ ಹೊರಗೆ ಬಂದಳು. ಅಳುತ್ತಿದ್ದಳು. ಹುಡುಗ ಅವಳ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ.

ನಮ್ಮ ಮದುವೆಯೂ ಅದೇ ಮಹಡಿಯಲ್ಲಿ. ನಲವತ್ತು ನಿಮಿಷ, ಫೋಟೋ ಸೇರಿ. ಇಂಡಿ ಊರಿನ ಹುಡುಗ, ಮದ್ದೂರಿನ ಹುಡುಗಿ, ಸಾಕ್ಷಿಗೆ ಆಫೀಸಿನ ಇಬ್ಬರು. ಆಮೇಲೆ ಬಾಡಿಗೆ ಕಡಿಮೆ ಅಂತ ಇಲ್ಲೇ ಮನೆ ಮಾಡಿದೆವು. ಅಪ್ಪ ದೇವರ ದೀಪದ ಮುಂದೆ ಅಮ್ಮನಿಂದ ಆಣೆ ಮಾಡಿಸಿದರಂತೆ — ಅವಳು ಫೋನ್ ಮಾಡಿದರೆ ಎತ್ತಕೂಡದು. ತಮ್ಮ ಮನೋಜ ಹೇಳಿದ್ದು. ಅಮ್ಮ ಎತ್ತಲಿಲ್ಲ. ಮುಕ್ತಾ ಹುಟ್ಟಿದಾಗಲೂ ಎತ್ತಲಿಲ್ಲ.

ಆದರೆ ನನ್ನ ವಾಟ್ಸಾಪ್ ಸ್ಟೇಟಸ್ ನೋಡುತ್ತಾಳೆ. ಒಂದು ದಿನವೂ ತಪ್ಪಿಲ್ಲ. ನೋಡಿದವರ ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ, ಬೆಳಗಿನ ಜಾವ ನಾಲ್ಕೂಹತ್ತು, ನಾಲ್ಕೂಕಾಲು. ಒಲೆ ಹಚ್ಚುವ ಮುಂಚೆ. ನಾನು ಹಾಕುವುದೆಲ್ಲ ಮುಕ್ತಾಳ ಫೋಟೋ — ಹಲ್ಲು ಬಂತು, ಗೋಡೆ ಹಿಡಿದು ನಿಂತಳು. ಬೇರೆಯವರಿಗೆ ಬೇಜಾರಾಗಿರಬೇಕು. ಆಗಲಿ.

ಮೇ 29, ಗುರುವಾರ

ಮುಕ್ತಾ ಮಾತಾಡಿದಳು! ಸ್ಪಷ್ಟವಾಗಿ, "ಆಯಿ."

ಕೆಳಗಿನ ಮನೆಯ ಮಾಧುರಿ ವೈನಿ — ಅತ್ತಿಗೆಗೆ ಇಲ್ಲಿ ಹಾಗನ್ನುವುದು — ಅಲ್ಲೇ ಇದ್ದರು, ಪೇಡೆ ಕೊಡಲು ಬಂದಿದ್ದರು. ದೇವಸ್ಥಾನದ ದಾರಿಯಲ್ಲಿ ಅವರದು ತುಳಸಿಮಾಲೆಯ ಅಂಗಡಿ. ಚಪ್ಪಾಳೆ ತಟ್ಟಿ ಮರಾಠಿಯಲ್ಲಿ ಕೂಗಿದರು, "ಸಿಂಧು, ನಿನ್ನನ್ನೇ ಕರೆದಳು!" ಮರಾಠಿಯಲ್ಲಿ ಆಯಿ ಅಂದರೆ ಅಮ್ಮ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದರು. "ಏ, ಬಿಡ್ರಿ ವೈನಿ. ನಮ್ಮ ಕಡೆ ಆಯಿ ಅಂದ್ರ ಅಜ್ಜಿ. ಕೂಸು ನನ್ನ ಕರದದ."

"ನಿಮ್ಮ ಕಡೆ ಅಲ್ಲ, ಇದು ನಮ್ಮ ಕಡೆ!"

"ಕೂಸು ಯಾರ ಕಡೇದು?"

ನನಗೆ ಬೇಕಿದ್ದದ್ದು "ಅಮ್ಮ". ಯಾರೂ ಕೇಳಲಿಲ್ಲ. ಮಗು ನೋಡುತ್ತಿದ್ದದ್ದು ಪೇಡೆಯ ಡಬ್ಬಿಯನ್ನು.

ಮಳೆ ಈ ಸಲ ಬೇಗ ಹಿಡಿದಿದೆ. ಬಟ್ಟೆ ಒಣಗುತ್ತಿಲ್ಲ. ಫ್ಯಾನಿನ ಕೆಳಗೆ ಹದಿನಾಲ್ಕು ಲಂಗೋಟಿ.

ಜೂನ್ 2, ಸೋಮವಾರ

ಅತ್ತೆ ಟೆರೇಸಿನಲ್ಲಿ ಫೋನಿನಲ್ಲಿದ್ದರು, ಅವ್ವಣ್ಣ ಮಹಾರಾಜರ ಜೊತೆ. ಅತ್ತೆಯ ದಿಂಡಿಯ ಹಿರಿಯರು. ಮದುವೆಗೆ ಮುಂಚೆ ನನಗೆ ದಿಂಡಿ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಈಗ ಕನಸಿನಲ್ಲೂ ಹೇಳಬಲ್ಲೆ. ಇಂಡಿ ಕಡೆಯ ಎಪ್ಪತ್ತು ಜನ ಒಟ್ಟಾಗಿ ಆಳಂದಿಗೆ ಬಂದು, ಇಲ್ಲಿಂದ ಸಂತರ ಪಾಲ್ಖಿಯ, ಅಂದರೆ ಪಲ್ಲಕ್ಕಿಯ, ಜೊತೆ ಪಂಢರಪುರದವರೆಗೆ ನಡೆಯುತ್ತಾರೆ. ಹದಿನೆಂಟು ದಿನದ ವಾರಿ. ಆ ಸಾಲಿನಲ್ಲಿ ತಲೆಯ ಮೇಲೆ ತುಳಸಿ ಹೊರುವವರು ನಮ್ಮ ಅತ್ತೆ. ಹಿತ್ತಾಳೆಯ ಪುಟ್ಟ ವೃಂದಾವನ, ಅದರಲ್ಲಿ ಹಸಿ ತುಳಸಿ. ಹತ್ತೊಂಬತ್ತು ವರ್ಷ ಹೊತ್ತಿದ್ದಾರಂತೆ — ಮಾವ ಇದ್ದಾಗ ಅವರ ಹಿಂದೆ, ಅವರು ಹೋದ ಮೇಲೆ ಒಬ್ಬರೇ. ನಾನು ಬಂದ ಮೇಲೆ ಹೋಗಿದ್ದನ್ನು ನೋಡಿಲ್ಲ. ಮೊಣಕಾಲು ನೋವು ಅಂತಾರೆ.

ಕಿವಿಗೆ ಬಿದ್ದದ್ದು ಇಷ್ಟು: "ಎರಡು ಕಾಡಾ ಆಗ್ಯಾವ್ರಿ ಮಹಾರಾಜ. ಇದೊಂದು ಆತಂದ್ರ ಮೂರು. ಮುಗೀತ್ರಿ ನಂದು."

ಪಾಪ. ಯಾರಿಗೂ ಹೇಳದೆ ಮಂಡಿಗೆ ಔಷಧಿ ಕುಡಿಯುತ್ತಿದ್ದಾರೆ! ಕಾಡಾ ಅಂದರೆ ಇಲ್ಲಿ ಕಷಾಯ. ನನ್ನ ಬಾಣಂತನದಲ್ಲಿ ಮೂಗು ಹಿಡಿದು ಕುಡಿಸಿದ್ದು ಅದನ್ನೇ. ಎರಡು ಬಾಟಲಿ ಆಗಿದೆ, ಮೂರನೆಯದು ಮುಗಿದರೆ ಗುಣ.

ಜೂನ್ 3, ಮಂಗಳವಾರ

ದೇವಸ್ಥಾನದ ಹಿಂದಿನ ಆಯುರ್ವೇದದ ಅಂಗಡಿಗೆ ನಾನೇ ಹೋದೆ. ಒಬ್ಬಳೇ ಮನೆಯಿಂದ ಹೊರಗೆ ಹೋಗಿ ಎಷ್ಟು ದಿನವಾಗಿತ್ತು. ಮಂಡಿನೋವಿಗೆ ಒಳ್ಳೆಯ ಕಾಡಾ ಕೊಡಿ ಅಂದೆ.

"ಅತ್ತೆ, ತಗೊಳ್ಳಿ. ಮೂರನೇ ಕಾಡಾ ನಾನೇ ತಂದೆ."

ಅತ್ತೆ ಬಾಟಲಿ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ನಗು ಶುರುವಾಯಿತು — ನಿಲ್ಲಲಾರದೆ ನೆಲದ ಮೇಲೆ ಕೂತೇಬಿಟ್ಟರು. ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಯಾಕೆ ಅತ್ತೆ? ಏನಾಯ್ತು?"

"ಏನಿಲ್ಲವಾ. ಮೂರನೇದು ನೀನ ತಂದಿ. ಭಾಳ ಛಲೋ ಆತು."

ಎರಡು ಚಮಚ ಕುಡಿದರು. ಮುಖ ಹಿಂಡಿತು. ಮತ್ತೆ ನಕ್ಕರು.

ಜನವರಿಯಿಂದ ಈಚೆಗೆ ನಾನು ಯಾರಿಗೋ ಏನನ್ನೋ ಮಾಡಿದ್ದು ಇದೇ ಮೊದಲು. ಖುಷಿಯಾಗಿದೆ.

ಜೂನ್ 8, ಭಾನುವಾರ

ನಾಚಿಕೆಯಿಂದ ಸಾಯುವ ಹಾಗಾಗಿದೆ.

ಬೆಳಗ್ಗೆ ಮೆಟ್ಟಿಲ ಮೇಲೆ ಮಾಧುರಿ ವೈನಿ ಪೊರಕೆ ಹಿಡಿದು ಗೊಣಗುತ್ತಿದ್ದರು. ಪಾತ್ರೆ ತಿಕ್ಕುವವಳು ಬಂದಿಲ್ಲ. "ಆಜ್ ಪರತ್ ಖಾಡಾ!" ಇವತ್ತು ಮತ್ತೆ ಖಾಡಾ. ಪಾಪ, ಅವಳಿಗೆ ಹುಷಾರಿಲ್ಲವಾ, ಯಾವುದಕ್ಕೆ ಕಷಾಯ ಅಂತ ಕೇಳಿದೆ. ವೈನಿ ಪೊರಕೆ ಬಿಟ್ಟು ನಕ್ಕರು.

"ಅಗ ಸಿಂಧು, ಕಾಢಾ ನವ್ಹೆ, ಖಾಡಾ! ಕೆಲಸಕ್ಕೆ ಬರದೆ ತಪ್ಪಿಸೋದು. ಗೈರುಹಾಜರಿ."

ಒಂದರಲ್ಲಿ ಉಸಿರು ಮೊದಲ ಅಕ್ಷರಕ್ಕೆ. ಇನ್ನೊಂದರಲ್ಲಿ ಎರಡನೆಯದಕ್ಕೆ. ನನ್ನ ಬಾಯಲ್ಲಿ, ಕಿವಿಯಲ್ಲಿ ಎರಡೂ ಒಂದೇ. ನಮ್ಮಪ್ಪ ಕೆಂಪಯ್ಯ ಮೇಷ್ಟ್ರು ಮೂವತ್ತು ವರ್ಷ ಮದ್ದೂರಿನ ಮಕ್ಕಳ ಹೊಟ್ಟೆ ಮೇಲೆ ಕೈ ಇಡಿಸಿ ಮಹಾಪ್ರಾಣ ಹೇಳಿಸಿದವರು. ಅವರ ಮಗಳು ನಾನು.

ಎರಡು ಖಾಡಾ ಆಗಿವೆ. ಎರಡು ಸಲ ವಾರಿ ತಪ್ಪಿದೆ. ಇದೊಂದು ಆದರೆ ಮೂರು.

ಮೊದಲನೆಯದು ಎರಡು ವರ್ಷದ ಹಿಂದಿನ ಜೂನ್. ಮೂರು ತಿಂಗಳು ತುಂಬಿತ್ತು ನನಗೆ, ಉಳಿಯಲಿಲ್ಲ. ಅತ್ತೆಯ ಚೀಲ ಬಾಗಿಲ ಹತ್ತಿರ ಕಟ್ಟಿ ಇಟ್ಟಿತ್ತು, ಈಗ ನೆನಪಾಗುತ್ತದೆ. ಅದನ್ನು ಬಿಚ್ಚಿದ್ದು ಯಾವಾಗ ಅಂತ ನೋಡಲಿಲ್ಲ. ನನ್ನ ಮಂಚದ ಪಕ್ಕ ಕೂತೇ ಇದ್ದರು. ಎರಡನೆಯದು ಹೋದ ವರ್ಷ, ಬಾಣಂತನ. ಅಮ್ಮ ಮಾಡಬೇಕಿದ್ದದ್ದು. ಬೆಳಗ್ಗೆ ಎಣ್ಣೆ, ನೀರು, ಕೆಂಡದ ಶಾಖ. ಒಂದು ದಿನವೂ ವಾರಿಯ ಮಾತೆತ್ತಲಿಲ್ಲ. ಮೂರನೆಯದು ನನ್ನ ನಿದ್ದೆ.

ವೈನಿಗೆ ದಿಂಡಿಯ ನಿಯಮ ಗೊತ್ತಿದೆ. ಸಾಲಾಗಿ ಮೂರು ವರ್ಷ ತಪ್ಪಿದರೆ ತುಳಸಿ ಬೇರೆಯವರಿಗೆ. ಒಂದು ಸಲ ಕೈ ದಾಟಿದರೆ ಹಿಂದೆ ಬರುವುದಿಲ್ಲ.

"ಮೂರನೇದು ನೀನ ತಂದಿ." ಅಯ್ಯೋ ದೇವರೇ.

ಜೂನ್ 10, ಮಂಗಳವಾರ

ವಟಪೌರ್ಣಿಮೆ. ವೈನಿ ಮತ್ತು ಬೀದಿಯ ಹೆಂಗಸರೆಲ್ಲ ಗಂಡನ ಆಯಸ್ಸಿಗೆ ಅಂತ ಆಲದ ಮರಕ್ಕೆ ದಾರ ಸುತ್ತುತ್ತಿದ್ದರು. ಅತ್ತೆ ಸುತ್ತುವುದಿಲ್ಲ, ಮಾವ ಇಲ್ಲವಲ್ಲ. ಕಟ್ಟೆಯ ಮೇಲೆ ಮುಕ್ತಾಳನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದರು. ಅಲ್ಲೇ ಹೇಳಿಬಿಟ್ಟೆ.

"ಅತ್ತೆ, ಈ ಸಲ ನೀವು ಹೋಗಿ."

"ಎಲ್ಲಿಗಿ?"

"ವಾರಿಗೆ. ಖಾಡಾ ಅಂದ್ರೇನು ಅಂತ ಗೊತ್ತಾಯ್ತು ನನಗೆ."

"ವೈನಿ ಹೇಳ್ಯಾಳ. ಅಕಿ ಬಾಯಾಗ ಒಂದ ಮಾತ ನಿಂದರೂದಿಲ್ಲ."

"ಗೊತ್ತಿದ್ದೂ ಆ ಕಷಾಯ ಯಾಕೆ ಕುಡೀತಿದ್ರಿ?"

"ಮಗಳ ತಂದದ್ದು ಚೆಲ್ಲಾಕ ಆಗ್ತದೇನು? ಕಹಿ ಅದ ಖರೆ. ಮೊಣಕಾಲೂ ಒಂದೀಟ ಹಗರ ಆಗ್ಯಾವ."

ಮೊಣಕಾಲು ನಿಜಕ್ಕೂ ನೋಯುತ್ತಿತ್ತಾ? ಕೇಳಿದ್ದಕ್ಕೆ ನಕ್ಕರು ಅಷ್ಟೇ. ಆಮೇಲೆ ಗಂಭೀರವಾದರು. "ಹದಿನೆಂಟು ರಾತ್ರಿ. ಅಮರಗ ರಾತ್ರಿ ಪಾಳಿ. ಇರೂ ರಜಾ ಎಲ್ಲಾ ದವಾಖಾನ್ಯಾಗ ಮುಗದಾವ. ಒಬ್ಬಾಕೀನ ಇರ್ತೀ?"

"ಇರ್ತೀನಿ."

"ಒಂದ ರಾತ್ರಿ ಇದ್ದು ತೋರಸು. ಆಮ್ಯಾಲ ನೋಡೂಣು."

ಜೂನ್ 12, ಗುರುವಾರ. ಸಂಜೆ 6

ಅತ್ತೆ ಕೊಂಢವಾದಲ್ಲಿರುವ ತಂಗಿಯ ಮನೆಗೆ ಹೋದರು. ನಾಳೆ ಮಧ್ಯಾಹ್ನ ಬರುತ್ತಾರೆ. ಥರ್ಮಾಮೀಟರ್ ದಿಂಬಿನ ಕೆಳಗೆ. ಜ್ವರದ ಸಿರಪ್ ಕಿಟಕಿಯ ಮೇಲೆ. ಆಸ್ಪತ್ರೆಯ ನಂಬರ್ ಗೋಡೆಗೆ ಅಂಟಿಸಿದ್ದೇನೆ. ಅಮರ್ ಹೊರಡುವಾಗ ಮೂರು ಸಲ ತಿರುಗಿ ನೋಡಿದ. ಹೋಗೋ, ಬಸ್ಸು ತಪ್ಪುತ್ತೆ ಅಂದೆ. ಬೆಳಗ್ಗೆ ಐದಕ್ಕೆಲ್ಲ ಬಂದುಬಿಡುತ್ತಾನೆ.

ಇರಬಲ್ಲೆ. ಎಲ್ಲರೂ ಇರುತ್ತಾರೆ. ಲೋಕದ ತಾಯಂದಿರೆಲ್ಲ—

ಜೂನ್ 15, ಭಾನುವಾರ

ಎರಡು ದಿನ ಪೆನ್ನು ಮುಟ್ಟಲಾಗಲಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ರಾತ್ರಿಯಿಡೀ ಎದ್ದೇ ಕೂತಿದ್ದೆ. ಜ್ವರ ಇರಲಿಲ್ಲ, ಏನೂ ಇರಲಿಲ್ಲ. ಐದಕ್ಕೆ ಅಮರ್ ಫೋನ್ ಮಾಡಿದ — ಏನೋ ತೊಂದರೆಯಾಗಿದೆ, ಒಂಬತ್ತಾಗುತ್ತದೆ. ಪರವಾಗಿಲ್ಲ ಅಂದೆ. ಆರಕ್ಕೆ ಹಾಲಿನವನು ಬೆಲ್ ಮಾಡಿದ. ಬಾಗಿಲು ತೆಗೆದು ಪ್ಯಾಕೆಟ್ ತಗೊಂಡೆ. ಒಂದು ನಿಮಿಷ ಗೋಡೆಗೊರಗಿ ಕೂತೆ. ಅಷ್ಟೇ ನೆನಪು.

ಎಚ್ಚರವಾದಾಗ ಏಳೂವರೆ. ಎದುರಿಗೆ ಮಾಧುರಿ ವೈನಿ, ಅವರ ಮಡಿಲಲ್ಲಿ ಮುಕ್ತಾ. ಬಾಗಿಲು ಹಾರುಹೊಡೆದಿತ್ತಂತೆ. ಮಗು ಅಂಬೆಗಾಲಿಟ್ಟು ಹೊರಗೆ ಹೋಗಿ, ಮೇಲಿನಿಂದ ಮೂರನೇ ಮೆಟ್ಟಿಲ ಮೇಲೆ ಕೂತಿತ್ತಂತೆ. ಹಾಲಿನ ಪ್ಯಾಕೆಟ್ ತಬ್ಬಿಕೊಂಡು. ಕೆಳಗೆ ಇನ್ನೂ ಹದಿನೈದು ಮೆಟ್ಟಿಲು, ಕಲ್ಲಿನವು.

ವೈನಿ ನನ್ನನ್ನು ಎಬ್ಬಿಸಿರಲಿಲ್ಲ. ಮಗುವಿಗೆ ಹಾಲು ಕುಡಿಸಿ, ನನ್ನ ತಲೆಯ ಕೆಳಗೆ ದಿಂಬು ಇಟ್ಟು, ಒಂದು ಗಂಟೆ ಹಾಗೇ ಕೂತಿದ್ದರು. ಅಂಗಡಿ ತೆಗೆದಿರಲಿಲ್ಲ. ವಾರಿ ಹತ್ತಿರ ಬಂದಿರುವಾಗ ಬೆಳಗಿನ ವ್ಯಾಪಾರ ಬಿಟ್ಟು. "ನಿನ್ನ ಅತ್ತೆಗೆ ನಾನು ಹೇಳಲ್ಲ" ಅಂದರು. ಬಾಯಲ್ಲಿ ಮಾತು ನಿಲ್ಲದ ವೈನಿ! ನಿಜಕ್ಕೂ ಹೇಳಲಿಲ್ಲ. ನಾನೇ ಹೇಳಿದೆ.

ಅತ್ತೆ ಬೈಯಲಿಲ್ಲ. ಮುಕ್ತಾಳ ಮಂಡಿ, ಮೊಣಕೈ, ತಲೆ ಸವರಿ ನೋಡಿದರು. ಆಮೇಲೆ ನನ್ನ ತಲೆಯನ್ನೂ ಹಾಗೇ ಸವರಿದರು. ಟೆರೇಸಿಗೆ ಹೋಗಿ ಅವ್ವಣ್ಣ ಮಹಾರಾಜರಿಗೆ ಫೋನ್ ಮಾಡಿದರು. "ಇಲ್ರಿ. ಶಿವಬಸವ್ವಗ ಹೇಳ್ರಿ, ತುಳಸಿ ಅಕೀನ ಹೊರಲಿ."

ಈ ಸಲ ಎಲ್ಲ ಅಕ್ಷರ ಸರಿಯಾಗಿ ಕೇಳಿಸಿತು.

ಜೂನ್ 18, ಬುಧವಾರ

ಊರು ತುಂಬಿದೆ. ನಮ್ಮ ಬೀದಿಯಲ್ಲಿ ಹನ್ನೊಂದು ಲಾರಿ, ನೀರಿನ ಟ್ಯಾಂಕರ್, ತಾಡಪಾಲಿನ ಕೆಳಗೆ ಒಲೆಗಳು. ನೀರು ತರಲು ಹೋದರೆ ಹತ್ತು ಜನ ದಾರಿ ಬಿಡುತ್ತಾರೆ, "ಮಾವುಲಿ, ಮಾವುಲಿ" ಅನ್ನುತ್ತಾ. ಇಲ್ಲಿ ಈಗ ಎಲ್ಲರ ಹೆಸರೂ ಅದೇ — ಮಾವುಲಿ, ತಾಯಿ. ಪೊಲೀಸನೂ ಮಾವುಲಿ, ಭಜಿ ಮಾರುವವನೂ ಮಾವುಲಿ. ಮುಕ್ತಾ ಕಿಟಕಿಯಲ್ಲಿ ನಿಂತು ಎಲ್ಲರಿಗೂ ಕೈ ಬೀಸುತ್ತಾಳೆ. ಅವಳಿಗೆ ನೆಗಡಿ ಕೂಡ ಇಲ್ಲ. ಪುಣ್ಯ.

ಸಂಜೆ ಇಂಡಿಯ ದಿಂಡಿ ಬಂತು. ಅವ್ವಣ್ಣ ಮಹಾರಾಜರಿಗೆ ಎಪ್ಪತ್ತು ದಾಟಿದೆ, ಹಲ್ಲಿಲ್ಲ, ನಾಲಿಗೆಗೆ ಮಾತ್ರ ಹಲ್ಲಿದೆ. ಬಾಗಿಲಲ್ಲೇ ಶುರು ಮಾಡಿದರು. "ಏನ್ ಸಾವಂತ್ರವ್ವಾ, ಮೂರು ಖಾಡಾ ಹೊಡದ್ರ ಸಾಲ್ಯಾಗೂ ಹೆಸರು ತಗೀತಾರ!"

"ತಗೀರಿ ಮಹಾರಾಜ. ನನಗ ಈಗ ಬ್ಯಾರೆ ಸಾಲಿ ಸಿಕ್ಕದ" ಅಂದು ಅತ್ತೆ ಮುಕ್ತಾಳನ್ನು ಅವರ ತೋಳಿಗೆ ಹಾಕಿದರು. ಮುಕ್ತಾ ಅವರ ಬಿಳಿ ಟೋಪಿ ಕಿತ್ತಳು.

ತುಳಸಿ ವೃಂದಾವನ ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿದೆ, ಮಿಕ್ಸಿಯ ಪಕ್ಕದಲ್ಲಿ. ಅತ್ತೆ ಹುಣಸೆಹಣ್ಣು ಹಾಕಿ ತಿಕ್ಕಿದರು. ಅರ್ಧ ಗಂಟೆ. ಶಿವಬಸವ್ವ ಬಂದಳು — ನನಗಿಂತ ಚಿಕ್ಕವಳು, ಗಟ್ಟಿ ಹುಡುಗಿ, ಸಂಕೋಚ. ಅತ್ತೆ ಅವಳಿಗೆ ಟವೆಲ್ ಸುತ್ತಿ ತಲೆಯ ಮೇಲೆ ಸಿಂಬಿ ಇಡುವುದು ಹೇಗೆ ಅಂತ ತೋರಿಸಿಕೊಟ್ಟರು.

"ಹಿಂಗ ಬಿಗದ್ರ ಕುತ್ತಿಗಿ ಹಿಡೀತದ. ಸಡ್ಲ ಬಿಡು. ಇಳಿಜಾರದಾಗ ಗದ್ದಾ ಎತ್ತು. ತುಳಸವ್ವ ಅಳ್ಳಾಡಿದ್ರ ಹೆದರಬ್ಯಾಡ, ಅಕೀಗಿ ದಾರಿ ಗೊತ್ತದ."

ಶಿವಬಸವ್ವ ಸಿಂಬಿ ತೆಗೆದು ಅತ್ತೆಯ ಕೈಯಲ್ಲೇ ಇಟ್ಟಳು. "ಅತ್ತೀ, ನೀವ ಹೊರ್ರಿ. ನಾ ನಿಮ್ಮ ಹಿಂದ ಬರ್ತೀನಿ."

ಅತ್ತೆ ಸಿಂಬಿಯನ್ನು ಬಿಚ್ಚಿ ಮತ್ತೆ ಮಡಚಿದರು. "ಹಿಂಗ ಬಿಗದ್ರ ಕುತ್ತಿಗಿ ಹಿಡೀತದ" ಅಂತ ಮೊದಲಿನಿಂದ ಶುರು ಮಾಡಿದರು.

ಜೂನ್ 19, ಗುರುವಾರ. ರಾತ್ರಿ 11

ಸಂಜೆ ಪಾಲ್ಖಿಯ ಪ್ರಸ್ಥಾನ. ಮಗುವನ್ನು ಆ ಗದ್ದಲಕ್ಕೆ ಒಯ್ಯುವುದಿಲ್ಲ ಅಂತ ಟೆರೇಸಿನಿಂದಲೇ ನೋಡಿದೆವು. ಕಂಡದ್ದು ಬರೀ ಟೋಪಿಗಳು, ಪತಾಕೆಗಳು. ಸಾವಿರಾರು ತಾಳ ಒಟ್ಟಿಗೆ ಬಿದ್ದಾಗ ಟೆರೇಸಿನ ನೀರಿನ ಟ್ಯಾಂಕ್ ನಡುಗಿತು.

ಮುಕ್ತಾ ಅತ್ತೆಯ ಸೊಂಟದ ಮೇಲಿದ್ದಳು. ನಾನು ಅತ್ತೆಯ ಮುಖ ನೋಡಲಿಲ್ಲ, ಕಾಲು ನೋಡಿದೆ. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ. ಎರಡು ಮುಂದೆ, ಒಂದು ಹಿಂದೆ. ಅವರಿಗೆ ಗೊತ್ತೇ ಇಲ್ಲ. ಮಗುವನ್ನು ತೂಗುತ್ತಿದ್ದೇನೆ ಅಂದುಕೊಂಡಿದ್ದರು.

"ಅತ್ತೆ, ನಮ್ಮಮ್ಮ ಬಂದ್ರೆ ಹೋಗ್ತೀರಾ?"

ಕಾಲು ನಿಂತಿತು. "ನಿಮ್ಮವ್ವ? ಹೆಂಗ ಬರ್ತಾಳ?"

"ಬಂದ್ರೆ?"

ಮುಕ್ತಾಳನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡರು. "ಅಕಿ ಬಾಯಿಂದ ಕೇಳಬೇಕು. 'ನಾ ಬರ್ತೀನಿ' ಅಂತ ಅಕೀನ ನನಗ ಹೇಳಬೇಕು. ಹೇಳಿದ್ರ ಹೋಗ್ತೀನಿ. ನೀ ಹೇಳಿದ್ರ ನಂಬೂದಿಲ್ಲ. ನನ್ನ ಕಳಸಾಕ ನೀ ಸುಳ್ಳ ಹೇಳ್ತೀ, ಕಳ್ಳಿ."

ಕೆಳಗಿಳಿದು ಅವ್ವಣ್ಣ ಮಹಾರಾಜರ ಕಾಲಿಗೆ ಬಿದ್ದೆ. ಸ್ವಲ್ಪ ಸಮಯ ಕೊಡಿ ಅಂದೆ. "ಬೆಳಿಗ್ಗಿ ಐದಕ್ಕ ಸಾಲು ಕಟ್ಟತೀವಿ. ಅಲ್ಲೀತನಕ ತುಳಸಿ ಯಾರ ತಲೀ ಮ್ಯಾಲೂ ಇಡೂದಿಲ್ಲ. ಆಳಂದ್ಯಾಗ ಯಾರು ಎತ್ತತಾರ, ಅವರದ."

ಅಮ್ಮನಿಗೆ ಹದಿನಾಲ್ಕು ಸಲ ಮಾಡಿದೆ. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಆಣೆ. ಮನೋಜ ಪರೀಕ್ಷೆಗೆ ಓದುತ್ತಾನೆ, ಮೈಸೂರಿನ ರೂಮಿನಲ್ಲಿ ರಾತ್ರಿ ಫೋನ್ ಆಫ್.

ಅಮರ್ ಇವತ್ತು, ನಾಳೆ ಎರಡು ದಿನದ ರಜೆ ಬೇಡಿ ತಂದಿದ್ದಾನೆ. ಅಡುಗೆಮನೆಯಲ್ಲಿ ಅವ್ವನ ಚೀಲ ಒಗೆದು ಇಸ್ತ್ರಿ ಮಾಡುತ್ತಿದ್ದಾನೆ, ಒಣಗಿಸುವುದಕ್ಕೆ. ಯಾಕೋ ಅಂದರೆ "ಸುಮ್ನ" ಅಂದ.

ಜೂನ್ 20, ಶುಕ್ರವಾರ. ಬೆಳಗಿನ ಜಾವ 2.15

ಅಮ್ಮ,

ಈ ಪುಟ ನಿನಗೆ. ಬರೆದು ಮುಗಿಸಿ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುತ್ತೇನೆ, ನಿನ್ನೊಬ್ಬಳಿಗೇ ಕಾಣುವ ಹಾಗೆ. ನಾಲ್ಕೂಹತ್ತಕ್ಕೆ ನೋಡುತ್ತೀಯ, ಗೊತ್ತು. ದಿನಾ ನೋಡುತ್ತೀಯ. ಅದಕ್ಕೆ ಒಂದು ಸಲವೂ ಥ್ಯಾಂಕ್ಸ್ ಹೇಳಿಲ್ಲ ನಾನು. ನಾನು ಹಾಕಿದ್ದೆಲ್ಲ ನಿನಗೇ.

ನೀನು ಮಾಡಬೇಕಿದ್ದದ್ದನ್ನೆಲ್ಲ ಇಲ್ಲಿ ಒಬ್ಬರು ಮಾಡಿದರು. ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ, ನಿನಗೆ ಗೊತ್ತಾಗಲಿ ಅಂತ. ಒಂದು ಮಗು ಉಳಿಯಲಿಲ್ಲ ಅಮ್ಮ, ಆಗ ನನ್ನ ತಲೆ ತೊಡೆಯ ಮೇಲೆ ಇಟ್ಟುಕೊಂಡದ್ದು ಅವರು. ಬಾಣಂತನ ಅವರದು. ಜನವರಿಯಲ್ಲಿ ಮುಕ್ತಾಳಿಗೆ ಫಿಟ್ಸ್ ಬಂತು, ಅದನ್ನು ಸ್ಟೇಟಸ್‌ಗೆ ಹಾಕಲಿಲ್ಲ. ಅವಳು ಇವತ್ತು ಇರುವುದು ಅವರ ಬರಿಗಾಲಿನಿಂದ. ಆವತ್ತಿನಿಂದ ನನಗೆ ನಿದ್ದೆಯಿಲ್ಲ. ಒಬ್ಬಳೇ ಇರಲಾರೆ. ಇದ್ದು ನೋಡಿದೆ, ಆಗಲಿಲ್ಲ. ಹೇಳುವುದಕ್ಕೆ ನಾಚಿಕೆ ಆಗುತ್ತಿತ್ತು, ಈಗ ಇಲ್ಲ.

ಅವರಿಗೆ ಬೇಕಾದದ್ದು ಒಂದೇ. ತಲೆಯ ಮೇಲೆ ತುಳಸಿ ಹೊತ್ತು ಪಂಢರಪುರಕ್ಕೆ ನಡೆಯುವುದು. ನನಗಾಗಿ ಎರಡು ವರ್ಷ ಬಿಟ್ಟರು. ಇವತ್ತು ಬಿಟ್ಟರೆ ಶಾಶ್ವತವಾಗಿ ಹೋಯಿತು. ನೀನು ಬಂದು ಹದಿನೆಂಟು ದಿನ ನನ್ನ ಜೊತೆ ಇದ್ದರೆ ಅವರು ಹೋಗುತ್ತಾರೆ. ಇವತ್ತೇ ಬಂದು ಮುಟ್ಟಬೇಕಿಲ್ಲ, ಅಮರ್ ಇವತ್ತು ಮನೆಯಲ್ಲಿರುತ್ತಾನೆ. ರಾತ್ರಿ ಬಸ್ಸು ಹತ್ತಿದರೆ ಸಾಕು. ಆದರೆ ಬರುತ್ತೀನಿ ಅನ್ನುವ ಮಾತು ಅವರಿಗೆ ನಿನ್ನ ಬಾಯಿಂದ ಐದು ಗಂಟೆಯೊಳಗೆ ಕೇಳಬೇಕು.

ಆಣೆ ಮುರಿಯಬೇಡ ಅಮ್ಮ. ನಾನು ಮಾಡಿದರೆ ಎತ್ತಬೇಡ. ಆಣೆ ಇರುವುದು ಎತ್ತುವುದಕ್ಕೆ. ನೀನು ಮಾಡುವುದಕ್ಕೆ ಅಪ್ಪ ಆಣೆ ಹಾಕಿಲ್ಲ. ಅದೂ ನನಗೆ ಮಾಡಬೇಡ, ಅತ್ತೆಗೆ ಮಾಡು. ನಂಬರ್ ಕೆಳಗೆ ದಪ್ಪಗೆ ಬರೆದಿದ್ದೇನೆ, ಕನ್ನಡಕ ಇಲ್ಲದೆಯೂ ಕಾಣುತ್ತದೆ. ಅವರ ಕನ್ನಡ ನಿನಗೆ ಮೊದಲು ಜಗಳದ ಹಾಗೆ ಕೇಳಿಸಬಹುದು. ಜಗಳ ಅಲ್ಲ.

ಅಪ್ಪನಿಗೆ ಹೇಳು, ನಿಮ್ಮ ಮಗಳು ಮಹಾಪ್ರಾಣ ತಪ್ಪಿದಳು ಅಂತ. ಖಾಡಾ ಅಂದದ್ದನ್ನು ಕಾಢಾ ಅಂದುಕೊಂಡು ಅತ್ತೆಗೆ ಕಷಾಯ ಕುಡಿಸಿದಳು ಅಂತ. ನಗುತ್ತಾರೆ. ನಕ್ಕಾಗ ಬಸ್ಸಿನ ಮಾತೆತ್ತು.

ಮುಕ್ತಾ ಅತ್ತೆಯನ್ನು ಆಯಿ ಅನ್ನುತ್ತಾಳೆ. ಅವರ ಕಡೆ ಅಜ್ಜಿಗೆ ಹಾಗೇ ಅನ್ನುವುದು. "ಅಜ್ಜಿ" ಅನ್ನುವುದನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಅದು ಹಾಗೇ ಇದೆ, ನಿನಗೆ.

4.12

ಮೈಕಿನ ಠಕ್ ಠಕ್ ಆಗಿ ಇಪ್ಪತ್ತು ನಿಮಿಷ. ಇವತ್ತು ಎದೆ ಹಾರಲಿಲ್ಲ, ಹೊರಗಿನ ಸದ್ದಿನಲ್ಲಿ ಅದು ಕೇಳಿಸಿದ್ದೇ ಹೆಚ್ಚು. ಬೀದಿಯಲ್ಲಿ ಒಲೆ ಆರಿಸುತ್ತಿದ್ದಾರೆ. ಶಿವಬಸವ್ವ ಮಿಂದು ಒದ್ದೆ ಕೂದಲಲ್ಲಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ, ತುಳಸಿ ಮುಟ್ಟುತ್ತಿಲ್ಲ. ಅತ್ತೆ ದೀಪ ಹಚ್ಚುತ್ತಿದ್ದಾರೆ. ಅವರ ಫೋನ್ ದೀಪದ ಪಕ್ಕದಲ್ಲಿ ನಾನೇ ಇಟ್ಟೆ. ಏನು ಅಂತ ಕೇಳಲಿಲ್ಲ. ಒಂದು ಸಲ ಅದರ ಕಡೆ ನೋಡಿದರು.

ಸ್ಟೇಟಸ್‌ನ ಕೆಳಗೆ ಕಣ್ಣಿನ ಗುರುತು ಬಂತು. ಒಂದು.

ಅಮ್ಮ. ನೋಡಿದೆಯಲ್ಲ. ಇದನ್ನೂ ಫೋಟೋ ತೆಗೆದು ಹಾಕುತ್ತೇನೆ, ಇನ್ನೊಂದು ಸಲ ತೆಗೆದು ನೋಡು. ಒಲೆ ಹಚ್ಚಬೇಡ. ಯೋಚನೆ ಮಾಡಬೇಡ, ನೀನು ಯೋಚನೆ ಮಾಡಲು ಕೂತರೆ ಬೆಳಗಾಗಿಬಿಡುತ್ತೆ. ಎರಡೇ ಮಾತು, ನಾನು ಬರ್ತೀನಿ ಅಂತ, ಅಷ್ಟು ಅಂದರೆ ಅವರು ತುಳಸಿ ಎತ್ತಿಬಿಡುತ್ತಾರೆ. ಮಾಡಮ್ಮ. ಬೆಳಗಾಗುವ ಮುಂಚೆ, ಐದಾಗುವ ಮುಂಚೆ, ಒಂದೇ ಒಂದು ಫೋನು, ಅಮ್ಮ, ಈಗಲೇ—